ಹಿಂದಿನ ಲಾಟಿನ ಬಾಲ

ಅವರು ಮಾತಾಡುವ ಮೊದಲು ಮಾತಿನ ಉದ್ದ ಹೇಳುತ್ತಿದ್ದರು. "ಎರಡು ವಾಕ್ಯ" ಎಂದು ಬೆರಳೆತ್ತಿ, ಎದುರಿಗಿದ್ದವರು ಅಷ್ಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ, ಎರಡೇ ವಾಕ್ಯ ಹೇಳಿ ಬಾಯಿ ಮುಚ್ಚುತ್ತಿದ್ದರು. ಹೆಂಡತಿಗೆ ಫೋನು ಮಾಡಿದರೂ ಅಷ್ಟೇ. "ಮೂರು ವಿಷಯ. ಊಟಕ್ಕೆ ಬರಲ್ಲ. ಮೋಟರ್ ಆಫ್ ಮಾಡು. ಇಡ್ತೀನಿ." ಮೂರನೆಯ ವಿಷಯ ಫೋನು ಇಡುವುದು. ನನ್ನ ತಂಗಿಯ ಮದುವೆಯಲ್ಲಿ ಯಾರೋ ಪುಣ್ಯಾತ್ಮರು ಅವರ ಕೈಗೆ ಮೈಕು ಕೊಟ್ಟರು. "ಹತ್ತು ಪದ" ಎಂದು ಘೋಷಿಸಿ ಆಶೀರ್ವಾದ ಶುರು ಮಾಡಿದರು. ಎಂಟನೆಯ ಪದಕ್ಕೆ ಹೇಳಬೇಕಾದ್ದೆಲ್ಲ ಮುಗಿದುಹೋಯಿತು. ಉಳಿದ ಎರಡಕ್ಕಾಗಿ ಮದುಮಕ್ಕಳನ್ನು ಎದುರು ನಿಲ್ಲಿಸಿಕೊಂಡು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಸಿಕ್ಕಿದ್ದು "ಊಟ ಮಾಡಿ". ಹಿಂದೆ ಸಾಲಿನಲ್ಲಿ ಉಡುಗೊರೆ ಹಿಡಿದು ನಿಂತಿದ್ದವರು ಕೃತಜ್ಞತೆಯಿಂದ ಚಪ್ಪಾಳೆ ತಟ್ಟಿದರು.

ಹೋದ ತಿಂಗಳು ತೀರಿಕೊಂಡರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಶಾಖೆ ಇರುವ ನಮ್ಮ ಮಾರಾಟ ಸಂಘದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು 'ಪ್ರೋಗ್ರಾಂ ಸರ್' ಎಂದು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ನಿಜವಾದ ಹೆಸರು ಬರೆಯುವ ಧೈರ್ಯ ನನಗಿಲ್ಲ. ಸಂಘದ ಹೆಸರನ್ನೂ ಬರೆಯುವುದಿಲ್ಲ. ನಾನಿನ್ನೂ ಅದರ ಚನ್ನಗಿರಿ ಕಚೇರಿಯಲ್ಲೇ ಕೂರುವವನು, ನಿವೃತ್ತಿ ದೂರವಿದೆ, ಬಿ.ಪಿ. ಮಾತ್ರೆ ಮಾತ್ರ ಬೇಗ ಶುರುವಾಗಿದೆ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಅವರ ವಿಷಯದಲ್ಲಿ ಒಳ್ಳೆಯದಷ್ಟನ್ನೇ ಬರೆದರೆ ಅರ್ಧ ಪುಟದಲ್ಲಿ ಮುಗಿಯುತ್ತದೆ. ಅದಕ್ಕೇ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ನನಗೆ ಅವರು ಮೊದಲು ಮೇಷ್ಟ್ರು. ಚನ್ನಗಿರಿಯಲ್ಲಿ ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ತರಗತಿ ನಡೆಸುತ್ತಿದ್ದರು. ಸಂಘಕ್ಕೆ ಕಂಪ್ಯೂಟರ್ ಬಂದರೆ ಮೊದಲು ಹೋಗುವುದು ನನ್ನ ಕೆಲಸ ಎಂದು ಯಾರೋ ತಮಾಷೆಗೆ ಅಂದಿದ್ದರು. ನಾನು ತಮಾಷೆಯನ್ನು ನಂಬುವವನು; ಮಾರನೆಯ ದಿನವೇ ಹೋಗಿ ಸೇರಿದೆ. ಯೂರಿಯಾ ವಾಸನೆಯ ನಡುವೆ ನಮಗೆ ಕೋಬಾಲ್ ಕಲಿಸಿದರು. ವ್ಯಾಪಾರ, ವ್ಯವಹಾರ, ಲೆಕ್ಕಪತ್ರ ಇವಕ್ಕೆಂದೇ ಹುಟ್ಟಿದ ಹಳೆಯ ಕಂಪ್ಯೂಟರ್ ಭಾಷೆ ಅದು. ಊರಿನ ಬೇರೆ ತರಗತಿಗಳೆಲ್ಲ ಅದನ್ನು ಬಿಟ್ಟು ಮುಂದೆ ಹೋಗಿವೆ ಎಂದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದ ಅವರು ಹೇಳಲಿಲ್ಲ.

ಅವರು ಕಪ್ಪುಹಲಗೆಯನ್ನು ಪೂರ್ತಿ ಒರೆಸಿದ್ದನ್ನು ನಾನು ನೋಡಲೇ ಇಲ್ಲ. ಹೊಸ ಪದಕ್ಕೆ ಎಷ್ಟು ಜಾಗ ಬೇಕೋ ಅಷ್ಟನ್ನು ಮಾತ್ರ ಅಂಗೈಯಲ್ಲಿ ಉಜ್ಜಿ ಬರೆಯುತ್ತಿದ್ದರು. 'ಸಂತೇಬೆನ್ನೂರು' ಎಂದು ಬರೆದಿದ್ದ ಜಾಗದಲ್ಲಿ 'ನಲ್ಲೂರು' ಬರೆದರೆ, ಹಲಗೆಯ ಮೇಲೆ ಉಳಿಯುತ್ತಿದ್ದುದು 'ನಲ್ಲೂರುನ್ನೂರು'.

"ಸರ್, ಇದ್ಯಾವ ಊರು?" ಎಂದು ಯಾರಾದರೂ ಕೇಳಿದರೆ ಎಡಗಡೆ ತೋರಿಸುತ್ತಿದ್ದರು. ಅಲ್ಲಿ ಮೂರು ಎಂಬ ಅಂಕಿ ಇರುತ್ತಿತ್ತು.

"ಮೂರು ಅಂತ ಬರೆದೀನಲ್ಲ, ಮೂರೇ ಅಕ್ಷರ ಓದ್ರಿ. ಅದರ ಮುಂದಿಂದು ಇದ್ರೂ ಇಲ್ಲ ಅಂತ ತಿಳೀರಿ. ಎಲ್ಲ ಪದಕ್ಕೂ ಒಂದೇ ಅಳತೆ ಜಾಗ ಕೊಡೋದು ಅಂದ್ರೆ ಸಣಕಲ ಮನುಷ್ಯನಿಗೆ ಬಸ್ಸಿನಾಗೆ ಮೂರು ಜನದ ಸೀಟು ಬಿಟ್ಟಂಗೆ. ಮುಂದೊಂದು ಅಂಕಿ ಇಡ್ರಿ. ಆ ಅಂಕಿ ಎಷ್ಟು ಅಂತೈತೋ ಅಷ್ಟೇ ಮಾತು."

ಇದು ಕೋಬಾಲಿನಲ್ಲಿ ಅವರಿಗೆ ಅತ್ಯಂತ ಪ್ರಿಯವಾದ ಪಾಠ. ಹೆಚ್ಚುಕಡಿಮೆಯಾಗುವ ಪಠ್ಯಕ್ಕೆ ಮುಂದೆ ಉದ್ದದ ಅಂಕಿ, ಹಿಂದೆ ಮಾತು. ಈ ಪಾಠ ಅವರ ತಲೆಯಿಂದ ಇಳಿದು ನಾಲಗೆಯ ಮೇಲೆ ಕೂತುಬಿಟ್ಟಿತ್ತು ಎಂಬುದು ನಿಮಗೆ ಈಗಾಗಲೇ ಅರ್ಥವಾಗಿರಬೇಕು.

ನನಗೆ ಆಗಲೇ ಒಂದು ಚಿಂತೆ ಹತ್ತಿಕೊಂಡಿತ್ತು. "ಸರ್, ಪದ ಬದಲಾಯಿಸಿ ಅಂಕಿ ಬದಲಾಯಿಸೋದು ಮರೆತುಬಿಟ್ರೆ?"

"ಆರು ಪದ," ಎಂದರು. "ಮರೆಯೋರು ನನ್ನ ಕ್ಲಾಸಿಗೆ ಯಾಕೆ ಬರ್ತೀರಿ ಮತ್ತೆ?"

ಸಂಘದ ಪ್ರೋಗ್ರಾಂ ಬರೆಯುವ ಕೆಲಸ ಅವರಿಗೇ ಸಿಕ್ಕಿತು. ಊರಿನಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ನನ್ನ ಮೇಜಿನ ಪಕ್ಕದಲ್ಲೇ ಅವರಿಗೆ ಮೇಜು ಹಾಕಿದರು. ಆ ಪ್ರೋಗ್ರಾಮಿನ ಮುಖ್ಯ ಭಾಗ ಷರಾ. ಶಾಖೆಗೆ ಅಡಿಕೆ ಬರುತ್ತದೆ, ಜಗಳೂರಿನಲ್ಲಾದರೆ ಮೆಕ್ಕೆಜೋಳ. ಒಬ್ಬರು ಒಮ್ಮೆಗೆ ತಂದ ಮಾಲು ಒಂದು ಲಾಟು; ಪ್ರತಿ ಲಾಟನ್ನೂ ನೋಡಿ ಅದರ ಗುಣ ಹೇಳಲು ಒಬ್ಬರಿರುತ್ತಾರೆ. ಅವರು ಹೇಳಿದ್ದನ್ನು ಆಪರೇಟರ್ ಷರಾ ಎಂದು ಟೈಪು ಮಾಡಬೇಕು. ಅದು ಚೀಟಿಯಲ್ಲಿ ಅಚ್ಚಾಗಿ ಲಾಟಿನ ಮೇಲೆ ಕೂರುತ್ತದೆ. ಖರೀದಿದಾರರು ಅದನ್ನು ನೋಡಿಕೊಂಡು ಟೆಂಡರ್ ಬರೆಯುತ್ತಾರೆ. ಕನ್ನಡ ಅಕ್ಷರ ಆ ಪ್ರೋಗ್ರಾಮಿಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಕನ್ನಡವನ್ನೇ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಟೈಪು ಮಾಡುತ್ತಿದ್ದೆವು. ಓದುವವರು ತಡವರಿಸುತ್ತಿದ್ದರು, ಆದರೆ ಕಂಪ್ಯೂಟರ್ ಹೇಳಿದ್ದೆಂದು ಗೌರವದಿಂದ ತಡವರಿಸುತ್ತಿದ್ದರು.

ಮೊದಮೊದಲು ಎಲ್ಲ ಸರಿಯಿತ್ತು. ಕೆಲವು ವರ್ಷಗಳ ಹಿಂದೆ, ಸುಗ್ಗಿಯ ನೂಕುನುಗ್ಗಲಿಗೆ ಬೇಗ ಆಗಲಿ ಎಂದು, ಅವರು ಒಂದು ಹೊಸ ಸ್ಕ್ರೀನ್ ಮಾಡಿದರು. ಬಾಲಗಳು ಹುಟ್ಟಿದ್ದು ಅಲ್ಲಿಂದ. ಹೊನ್ನಾಳಿಯ ಆಪರೇಟರ್ ಸವಿತಾ ಫೋನು ಮಾಡಿದಳು.

"ಸರ್, ಷರಾ ಚಿಕ್ಕದು ಹಾಕಿದ್ರೆ ಹಿಂದಿನ ಲಾಟಿಂದು ಬಾಲ ಅಂಟಿಕೊಂಡು ಬರ್ತೈತೆ."

"ಎರಡು ಪದ. ಉದ್ದ ಹಾಕಮ್ಮ."

ಅದು ತಮಾಷೆಯಲ್ಲ, ಪರಿಹಾರ. ಅವರ ಕಪ್ಪುಹಲಗೆಯ ಹಾಗೆಯೇ, ಹೊಸ ಷರಾ ಹಳೆಯದಕ್ಕಿಂತ ಉದ್ದವಾಗಿದ್ದರೆ ಹಳೆಯದು ಪೂರ್ತಿ ಮುಚ್ಚಿಹೋಗುತ್ತದೆ, ಬಾಲ ಕಾಣುವುದಿಲ್ಲ. ಷರಾ ಕನಿಷ್ಠ ಒಂದು ಪೂರ್ತಿ ಸಾಲು ಇರತಕ್ಕದ್ದು ಎಂದು ನಾಲ್ಕೂ ಶಾಖೆಗೆ ಸುತ್ತೋಲೆ ಹೊರಡಿಸಿದರು. ಟೈಪು ಮಾಡಿದವನು ನಾನು. "ಪ್ರೋಗ್ರಾಂ ಒಮ್ಮೆ ನೋಡಬಾರದಾ ಸರ್?" ಎಂದು ಅಳುಕುತ್ತಲೇ ಕೇಳಿದೆ. "ಪ್ರೋಗ್ರಾಂ ಸರಿ ಐತೆ. ಜನ ಗಿಡ್ಡ ಮಾತಾಡ್ತಾರೆ" ಎಂದರು.

ಹೀಗೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸುವ ಬದಲು ನಾಲ್ಕು ಊರಿನವರಿಗೆ ಹೆಚ್ಚು ಮಾತಾಡುವುದನ್ನು ಕಲಿಸಿದರು. ಹೊನ್ನಾಳಿಯಿಂದ "ಅಡಿಕೆ ಒಣಗಿದೆ, ನೋಡಲು ಲಕ್ಷಣವಾಗಿದೆ, ರೈತರು ಸಹಕರಿಸಿದ್ದಾರೆ, ಶುಭವಾಗಲಿ" ಎಂಬ ಷರಾ ಬರತೊಡಗಿತು. ಚನ್ನಗಿರಿಯ ನಮ್ಮ ಆಪರೇಟರ್ ಎಲ್ಲ ಲಾಟಿನ ಕೊನೆಗೂ "ಇತಿ ತಮ್ಮ ವಿಶ್ವಾಸಿ" ಸೇರಿಸಿದ. ಜಗಳೂರಿನವರು ಇದನ್ನು ಸದುಪಯೋಗಪಡಿಸಿಕೊಂಡರು: "ಜೋಳ ಚೆನ್ನಾಗಿದೆ, ಬಿಸಿಲು ವಿಪರೀತ, ಶಾಖೆಯ ನೀರಿನ ಟ್ಯಾಂಕು ರಿಪೇರಿ ಮಾಡಿಸಿಕೊಡಿ." ಖರೀದಿದಾರರು ಟ್ಯಾಂಕಿನ ವಿಷಯ ಓದಿ, ತಲೆಯಾಡಿಸಿ, ಜೋಳಕ್ಕೆ ಟೆಂಡರ್ ಬರೆದರು.

ಸುತ್ತೋಲೆಗೆ ಬಗ್ಗದವರು ನ್ಯಾಮತಿಯ ಬಾಷಾ ಸಾಬ್ರು ಒಬ್ಬರೇ. ಅಲ್ಲಿ ಅಡಿಕೆಯ ಗುಣ ನೋಡುತ್ತಿದ್ದವರು ಅವರು. ಅವರ ಬಳಿ ಇದ್ದದ್ದು ಎರಡೇ ಮಾತು: "ಚಲೋ ಐತೆ", "ಚಲೋ ಇಲ್ಲ". ಸಾಬ್ರು ಚಲೋ ಅಂದರೆ ಖರೀದಿದಾರರು ಚೀಲಕ್ಕೆ ಕೈ ಹಾಕಿ ನೋಡುತ್ತಿರಲಿಲ್ಲ. ಪ್ರೋಗ್ರಾಂ ಸರ್ ಫೋನಿನಲ್ಲಿ ಉದ್ದ ಮಾತಿನ ಮಹತ್ವ ವಿವರಿಸಿದಾಗ ಸಾಬ್ರು ಪೂರ್ತಿ ಕೇಳಿಸಿಕೊಂಡು, "ನೀವು ಹೇಳೋದು ಸರಿ ಐತೆ ಸರ್. ಆದ್ರೆ ಅಡಿಕೆ ನೋಡಿ ಅಷ್ಟೆಲ್ಲ ನೆನಪಾಗಲ್ಲ ನಂಗೆ" ಅಂದರಂತೆ.

ಇಷ್ಟರವರೆಗೆ ನಗಬಹುದಿತ್ತು. ಆಮೇಲೆ ಗೌರಮ್ಮ ಬಂದರು.

ಗೌರಮ್ಮ ಚೇಣಿ ಹಿಡಿಯುವವರು. ಬೇರೆಯವರ ತೋಟದ ಫಸಲನ್ನು ಮರದ ಮೇಲಿರುವಾಗಲೇ ಗುತ್ತಿಗೆಗೆ ಕೊಂಡು, ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು ಅವರ ಕಸುಬು. ಆ ಕಸುಬಿನಲ್ಲಿ ಗಂಡಸರದ್ದೇ ದರ್ಬಾರು. ಅವರ ನಡುವೆ ನಂಬಿಕೆಯೊಂದನ್ನೇ ಹಿಡಿದು ನಿಂತಿದ್ದ ಹೆಂಗಸು. ನನ್ನ ಮೇಜಿನ ಮೇಲೆ ನ್ಯಾಮತಿ ಶಾಖೆಯ ಚೀಟಿ ಇಟ್ಟು, "ಓದ್ರಿ" ಎಂದರು.

ಓದಿದೆ. "ಚಲೋ ಐತೆ" ಇತ್ತು. ಅದರ ಹಿಂದೆ ಒಂದು ಮುರಿದ ಪದ. ಅದರ ಹಿಂದೆ ಸ್ಪಷ್ಟವಾಗಿ, "ಬಣ್ಣ ಹಾಕಿದೆ, ಟೆಂಡರಿಗೆ ಬೇಡ". ಕಳಪೆ ಅಡಿಕೆಗೆ ಬಣ್ಣ ಹಾಕಿ ಒಳ್ಳೆಯದೆಂದು ಮಾರುವುದು ನಮ್ಮಲ್ಲಿ ಶುದ್ಧ ಮೋಸ.

"ಸಾಬ್ರು ನನ್ನ ಮಖಕ್ಕೆ ಚಲೋ ಐತೆ ಅಂದ್ರು. ಚೀಟ್ಯಾಗೆ ಬಣ್ಣ ಹಾಕೀನಿ ಅಂತ ಬರೆಸ್ಯಾರೆ. ಒಬ್ಬನೂ ಟೆಂಡರ್ ಬರೀಲಿಲ್ಲ. ಅಡಿಕೆ ಮನೆಗೆ ಹೊತ್ಕೊಂಡು ಹೋದೆ ಅಂತಿಟ್ಕಳ್ರಿ; ಬಣ್ಣದ ಗೌರಮ್ಮ ಅಂತ ಹೆಸರಾದ್ರೆ ನಾಳೆ ಯಾರು ನಂಗೆ ತೋಟ ಚೇಣಿ ಕೊಡ್ತಾರೆ?"

"ಕೂತ್ಕಳಮ್ಮ, ನೋಡಾನ."

"ಕೂರಾಕೆ ಬಂದಿಲ್ಲ. ಆ ಮನುಷ್ಯ ಆ ಜಾಗದಾಗೆ ಇರಬಾರ್ದು. ವರ್ಷದ ಸಭೆಯಾಗೆ ಎದ್ದು ಕೇಳ್ತೀನಿ."

ಸಂಘದ ಅಧ್ಯಕ್ಷರಿಗೆ ವಿಷಯ ಮುಟ್ಟಿತು. ಅವರು ಬಹಳ ನೊಂದುಕೊಂಡು, ಸಾಬ್ರಿಗೆ ಸಭೆಯಲ್ಲೇ ಶಾಲು ಹೊದಿಸಿ ಗೌರವದಿಂದ ಮನೆಗೆ ಕಳಿಸುವುದು ಒಳ್ಳೆಯದು ಎಂದರು. ಶಾಲು ಆ ಸಂಜೆಯೇ ಬಂತು.

ನಾನೂ ಪ್ರೋಗ್ರಾಂ ಸರ್ರೂ ನ್ಯಾಮತಿಗೆ ಹೋದೆವು. ಸಾಬ್ರು ಚೀಟಿಯನ್ನು ಆಪರೇಟರ್‌ನಿಂದ ಓದಿಸಿಕೊಂಡು ಕೇಳಿದರು.

"ಮಾತು ನಂದೇ. ಇದೊಂದು ಸಲ ಉದ್ದ ಬರೆಸಿದ್ದೆ, ಬರೆಸಬೇಕಾಗಿತ್ತು. ಆದ್ರೆ ಆಯಮ್ಮನ ಮಾಲಿಗೆ ಅಂದಿದ್ದಲ್ಲ."

"ಮತ್ತೆ ಯಾರದ್ದಕ್ಕೆ?" ಎಂದೆ.

"ಅದು ಹೇಳಾಕೆ ಬರಲ್ಲ. ಒಬ್ಬರ ಮಾಲಿನ ಕಥೆ ಇನ್ನೊಬ್ಬರ ಮುಂದೆ ಆಡಿದ್ರೆ ನನ್ನ ಮುಂದೆ ಯಾರು ಚೀಲ ಬಿಚ್ತಾರೆ?"

"ಕೆಲಸ ಹೋಗುತ್ತೆ ಸಾಬ್ರೆ."

"ಹೋಗ್ಲಿ ಬಿಡ್ರಿ. ಎರಡು ನಾಲಗೆಯೋನು ಅಂತ ಕಳಸ್ತಾರಲ್ಲ, ಅದೊಂದು ಬ್ಯಾಸರ."

ಅಷ್ಟರಲ್ಲಿ ಪ್ರೋಗ್ರಾಂ ಸರ್ ಕಂಪ್ಯೂಟರಿನ ಮುಂದೆ ಕೂತು ಹುಡುಕಿ ತೆಗೆದಿದ್ದರು. ಗೌರಮ್ಮನವರ ಲಾಟಿಗೆ ಸ್ವಲ್ಪ ಮೊದಲು ಇನ್ನೊಂದು ಲಾಟು ಬಂದು, ಷರಾ ಬಿದ್ದು, ಆಮೇಲೆ ಆಪರೇಟರ್ ಹೇಳಿದಂತೆ ಮೇಲಿನಿಂದ ಫೋನು ಬಂದು, ವಾಪಸ್ ಹೋಗಿತ್ತು. ಲಾಟು ಹೋಯಿತು, ಷರಾ ಉಳಿಯಿತು. ಅದರ ಮೇಲೆ ಗೌರಮ್ಮನವರ "ಚಲೋ ಐತೆ" ಕೂತಿತು, ಹಿಂದೆ ಬಾಲ ಚಾಚಿಕೊಂಡಿತು. ವಾಪಸ್ ಹೋದ ಲಾಟು ಯಾರದೆಂದು ನೋಡಿದೆ. ಅಧ್ಯಕ್ಷರದು. ನನ್ನ ಕೈ ತಾನಾಗಿ ಮಾತ್ರೆಯ ಜೇಬಿಗೆ ಹೋಯಿತು.

ಪ್ರೋಗ್ರಾಂ ಸರ್ ನೋಡುತ್ತಿದ್ದುದು ಬೇರೆ ಕಡೆ. "ಈ ಹೊಸ ಸ್ಕ್ರೀನಿನಾಗೆ ಉದ್ದದ ಅಂಕಿ ಬದಲಾಯಿಸೋ ಸಾಲೇ ಇಲ್ಲ. ಯಾರೋ ಬಿಟ್ಟಾರೆ."

"ಬರೆದಿದ್ದು ನೀವೇ ಅಲ್ವಾ ಸರ್?"

"ಹೌದು. ಅದಕ್ಕೇ ಆಶ್ಚರ್ಯ."

ವಾಪಸ್ ಬರುವಾಗ ಹೊನ್ನಾಳಿ ದಾಟುವವರೆ‌ಗೂ ಅವರು ನಿದ್ದೆ ಮಾಡಿದರು. ಅವರ ಪಾಲಿನ ಚಿಂತೆಯನ್ನೂ ನಾನೇ ಮಾಡಿದೆ. ಪ್ರೋಗ್ರಾಮಿನ ತಪ್ಪು ಎಂದರೆ, ಹಾಗಾದರೆ ಆ ಬಾಲ ಯಾರದು ಎಂದು ಜನ ಕೇಳುತ್ತಾರೆ. ಪ್ರೋಗ್ರಾಂ ಸರಿ ಎಂದರೆ ಸಾಬ್ರು ಮನೆಗೆ. ನ್ಯಾಮತಿ ಆಪರೇಟರ್‌ಗೆ ಗೊತ್ತು, ನಮಗೆ ಗೊತ್ತು, ಸಾಬ್ರಿಗೆ ಮೊದಲಿನಿಂದಲೂ ಗೊತ್ತು. ಹೇಳುವ ಅಧಿಕಾರ ಮಾತ್ರ ಪ್ರೋಗ್ರಾಂ ಸರ್ ಒಬ್ಬರದೇ. ಕೋಬಾಲ್ ವಿಷಯದಲ್ಲಿ ನಾವು ಹೇಳಿದರೆ ಯಾರು ಕೇಳುತ್ತಾರೆ?

ಸಭೆಯ ಹಿಂದಿನ ದಿನ ಅಧ್ಯಕ್ಷರು ನಮ್ಮಿಬ್ಬರನ್ನೂ ಕರೆಸಿ ಚಹಾ ಕೊಟ್ಟರು. "ನಿಮ್ಮನ್ನ ಒಂದೇ ಪ್ರಶ್ನೆ ಕೇಳ್ತಾರೆ ಸರ್. ಚೀಟ್ಯಾಗಿನ ಮಾತು ಸಾಬ್ರು ಆಡಿದ್ದು ಹೌದೋ ಅಲ್ವೋ. ಹೌದು ಅನ್ರಿ. ಅದೇನು ಸುಳ್ಳಲ್ಲವಲ್ಲ."

ಸುಳ್ಳಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಪ್ರೋಗ್ರಾಂ ಸರ್ ಒಂದು ಬೆರಳೆತ್ತಿದರು. "ಒಂದು ಪದ. ಆಗಲಿ."

ಸಭೆ ಚನ್ನಗಿರಿಯ ಕಲ್ಯಾಣ ಮಂಟಪದಲ್ಲಿ. ಗೌರಮ್ಮ ಹೇಳಿದಂತೆಯೇ ಎದ್ದು ಕೇಳಿದರು. ಸಾಬ್ರು ಕೊನೆಯ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಅಧ್ಯಕ್ಷರು, "ಹಿರೇರು, ಕಣ್ಣು ಮಂಜಾಗ್ಯಾವೆ. ಆಯಮ್ಮಗೆ ಒಂದು ಹೇಳ್ಯಾರೆ, ಇನ್ನೊಂದು ಬರೆಸ್ಯಾರೆ. ಪ್ರೋಗ್ರಾಂ ಸರ್ರೇ ಹೇಳ್ಲಿ" ಎಂದರು. ವೇದಿಕೆಯ ಮೇಲೆ ತಟ್ಟೆಯಲ್ಲಿ ಶಾಲು ಕಾಯುತ್ತಿತ್ತು.

ಪ್ರೋಗ್ರಾಂ ಸರ್ ಎದ್ದು ಬೆರಳೆತ್ತಿದರು. "ಒಂದು ಪದ."

"ಪದ ಗಿದ ಬ್ಯಾಡ, ಕೂತ್ಕಳ್ರಿ ಸರ್" ಎಂದರು ಜಗಳೂರಿನ ಒಬ್ಬ ಸದಸ್ಯರು. "ನಿಮ್ಮ ಕಂಪ್ಯೂಟರ್ ತನಗೆ ತೋಚಿದ್ದು ಬರ್ಕಳ್ತೈತೆ. ನಮ್ಮೂರ ಜೋಳಕ್ಕೆ ನೀರಿನ ಟ್ಯಾಂಕು ಅಂತ ಬರೆದಿತ್ತು."

ಮಂಟಪ ನಕ್ಕಿತು. "ಹುಚ್ಚು ಹಿಡಿದಿರಬೇಕು ಅದಕ್ಕೆ," ಇನ್ನೊಬ್ಬರೆಂದರು. "ಅದರ ಮಾತು ಕಟ್ಕೊಂಡು ಯಾಕ್ರಿ ಜಗಳ."

ನಾನು ಅವರ ಮುಖ ನೋಡುತ್ತಿದ್ದೆ. ಆ ಮುಖದಲ್ಲಿ ಸಾಬ್ರ ಚಿಂತೆ ಇರಲಿಲ್ಲ, ಗೌರಮ್ಮನವರದು ಇರಲಿಲ್ಲ, ಅಧ್ಯಕ್ಷರದಂತೂ ಇರಲೇ ಇಲ್ಲ. ಎತ್ತಿದ್ದ ಬೆರಳಿನ ಪಕ್ಕದಲ್ಲಿ ಇನ್ನೆರಡು ಬೆರಳು ಎದ್ದವು.

"ಮೂರು ವಾಕ್ಯ. ನನ್ನ ಪ್ರೋಗ್ರಾಂ ಸ್ವಂತಕ್ಕೆ ಒಂದು ಅಕ್ಷರ ಬರೆಯಲ್ಲ. ಗೌರಮ್ಮನ ಚೀಟ್ಯಾಗೆ ಬಂದಿರೋ ಬಣ್ಣದ ಮಾತು ಹಿಂದಿನ ಲಾಟಿಗೆ ಸಾಬ್ರು ಹೇಳಿದ್ದು. ಆ ಲಾಟು ಅಧ್ಯಕ್ಷರದು, ವಾಪಸ್ ತಗೊಂಡ್ರೂ ಮಾತು ಅಲ್ಲೇ ಉಳಿದಿತ್ತು."

ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದನ್ನು ಅವರು ಕೋಬಾಲಿನಲ್ಲಿ ಹುಟ್ಟಿದ ಆಸಕ್ತಿ ಎಂದು ತಿಳಿದರು. ನನಗೆ ಗೊತ್ತಿದ್ದಂತೆ ಅದೊಂದೇ ಸಲ ಹೇಳಿದ ಉದ್ದವನ್ನು ಮೀರಿ ಮಾತಾಡಿದರು. ಜಾಗ, ಅಂಕಿ, ಬಸ್ಸಿನ ಸೀಟು, ಎಲ್ಲವನ್ನೂ ವಿವರಿಸಿ, "ಏನಾದ್ರೂ ಸಂದೇಹ?" ಎಂದು ಕೇಳಿದರು. ಯಾರಿಗೂ ಇರಲಿಲ್ಲ. ಸಾಲು ಮರೆತವರು ಯಾರೆಂಬುದನ್ನು ಮಾತ್ರ ಹೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಯಾರೂ ಇರಲಿಲ್ಲ.

ಗೌರಮ್ಮ ವೇದಿಕೆಯ ಕಡೆ ನೋಡಲಿಲ್ಲ. ನೇರ ಕೊನೆಯ ಸಾಲಿಗೆ ನಡೆದರು. "ತಪ್ಪು ತಿಳಕಂಡೆ ಸಾಬ್ರೆ."

"ನಿಮ್ಮ ಮಾಲು ಇನ್ನೊಮ್ಮೆ ಟೆಂಡರಿಗೆ ಇಡ್ರಿ ತಾಯಿ," ಎಂದರು ಸಾಬ್ರು. "ಒಣಗಿಸಿದ್ದು ಹದ ಬಂದೈತೆ."

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಬಣ್ಣ ಹಾಕಿದ್ದು ಕೂಲಿಯವರು, ತಮ್ಮ ಗಮನಕ್ಕೆ ಬಂದಿರಲಿಲ್ಲ ಎಂದು ಅಧ್ಯಕ್ಷರು ಮತ್ತೊಮ್ಮೆ ನೊಂದುಕೊಂಡು ಅವಿರೋಧವಾಗಿ ಮರು ಆಯ್ಕೆಯಾದರು. ಸಾಬ್ರು ನ್ಯಾಮತಿಯಲ್ಲೇ ಉಳಿದರು. ಪ್ರೋಗ್ರಾಂ ಸರ್ ಮಾರನೆಯ ದಿನ ಬಿಟ್ಟುಹೋದ ಸಾಲನ್ನು ಸೇರಿಸಿದರು. ಬಾಲ ನಿಂತಿತು. "ನೋಡಿದ್ರಾ, ಜನ ಸರಿಯಾಗಿ ಟೈಪ್ ಮಾಡೋದು ಕಲಿತ್ರು" ಎಂದು ನನಗೆ ಹೇಳಿದರು. ಆ ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯಿತು, ಮುಂದುವರಿಯಲಿಲ್ಲ. ಸಾಬ್ರಿಗೆಂದು ತಂದಿದ್ದ ಶಾಲನ್ನು ಹಾಳು ಮಾಡುವುದು ಬೇಡವೆಂದು ಅವರಿಗೆ ಹೊದಿಸಿದರು. ಉದ್ದ ಷರಾದ ಸುತ್ತೋಲೆಯನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ. ಹೊನ್ನಾಳಿಯಿಂದ ಇವತ್ತಿಗೂ ಶುಭ ಹಾರೈಕೆ ಬರುತ್ತಿದೆ.

ಪ್ರೋಗ್ರಾಂ ಸರ್ ಹೋದ ಸುದ್ದಿ ತಿಳಿದು ಸಾಬ್ರು ನ್ಯಾಮತಿಯಿಂದ ಬಂದರು. ಬಸ್‌ಸ್ಟ್ಯಾಂಡಿನಿಂದ ನನ್ನ ಬೈಕಿನಲ್ಲಿ ಕೂರಿಸಿಕೊಂಡು ಸರ್ ಮನೆಗೆ ಹೋದೆ. ಅವರ ಹೆಂಡತಿ ಸಾಬ್ರ ಗುರುತು ಹಿಡಿದರು.

"ಕೊನೇತನಕ ಒಂದೇ ಹೇಳ್ತಿದ್ರು ಸಾಬ್ರೆ. ನ್ಯಾಮತಿ ಸಾಬ್ರಿಗೋಸ್ಕರ ಸಭೆಯಾಗೆ ಎದ್ದು ನಿಂತೆ, ಅದಕ್ಕೇ ಕೆಲಸ ಕಳಕಂಡೆ ಅಂತ. ನಿಜ ಏನ್ರಿ ಅದು? ಇವರು ಮನೆಯಾಗೆ ಹೇಳೋದೆಲ್ಲ ನಾನು ನಂಬ್ತಿರಲಿಲ್ಲ."

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ನಿಜ ತಾಯಿ," ಎಂದರು ಸಾಬ್ರು. "ಅವರಿಲ್ದಿದ್ರೆ ಅವತ್ತು ನನ್ನ ಮಾತು ಮಣ್ಣುಪಾಲಾಗ್ತಿತ್ತು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ಹೋಗಿ, ನಮಗೆ ನೀರು ತಂದರು.

ಹೊರಗೆ ಬಂದು ಬೈಕಿನ ಹತ್ತಿರ ನಿಂತಾಗ ನನಗೆ ತಡೆಯಲಾಗಲಿಲ್ಲ. "ಸಾಬ್ರೆ, ಅವರು ಎದ್ದಿದ್ದು ನಿಮಗೋಸ್ಕರ ಅಲ್ಲ. ಪ್ರೋಗ್ರಾಮಿಗೆ ಹುಚ್ಚು ಅಂದ್ರಲ್ಲ, ಅದಕ್ಕೆ."

"ಗೊತ್ತೈತೆ."

"ಗೊತ್ತಿದ್ದೂ ಹಂಗಂದ್ರಾ? ಅಧ್ಯಕ್ಷರ ಮಾಲಿಗೂ ಮುಲಾಜು ನೋಡದವರು ನೀವು."

ಸಾಬ್ರು ಹಿಂದಿನ ಸೀಟಿನ ಧೂಳನ್ನು ಕೈಯಲ್ಲಿ ಒರೆಸಿ ಹತ್ತಿ ಕೂತರು.

"ಅಡಿಕೆ ಆದ್ರೆ ಕತ್ತರಿಸಿ ಒಳಗೆ ನೋಡ್ತೀನ್ರಿ, ಅದು ನನ್ನ ಕೆಲಸ. ಮನುಷ್ಯರನ್ನೂ ಹಂಗೇ ನೋಡಾಕೆ ಹೋದ್ರೆ ಯಾರ ಮನೇಲೂ ನೀರು ಕುಡಿಯಾಕಾಗಲ್ಲ. ನಡೀರಿ, ಬಸ್ಸು ತಪ್ಪುತ್ತೆ."